ಹಳೇ ಕೇಸು ಬೆನ್ನು ಬಿಡದಿದ್ದಾಗ: ಕಳಚಿಕೊಳ್ಳಲು ಇರುವ ದಾರಿಗಳು

ಯುಗಾದಿಯ ಮಾರನೇ ದಿನ. ಊರಾಚೆ ತೆಂಗಿನ ತೋಟದಲ್ಲಿ ಕಂಬಳಿ ಹಾಸಿಕೊಂಡು ಎಂಟು ಜನ ಅಂದರ್ ಬಾಹರ್ ಆಡುತ್ತಿದ್ದರು. ಜೀಪು ಬಂತು. ಆರು ಜನ ಓಡಿದರು, ಇಬ್ಬರು ಸಿಕ್ಕಿಬಿದ್ದರು. ಅವರಲ್ಲಿ ಒಬ್ಬ ನಮಗೆ ದೂರದ ನೆಂಟ, ಆಗ ಡಿಪ್ಲೊಮಾ ಕೊನೇ ವರ್ಷದಲ್ಲಿದ್ದ. ಕೆಲವು ತಿಂಗಳ ಮೇಲೆ ಸಮನ್ಸ್ ಬಂತು. "ತಪ್ಪಾಯ್ತು ಸ್ವಾಮಿ ಅಂತ ಒಪ್ಕೊಂಡ್ಬಿಡು, ದಂಡ ಕಟ್ಟಿ ಮುಗಿಸ್ಕೊಂಡು ಬಾ" ಅಂತ ಎಲ್ಲರೂ ಹೇಳಿದರು. ಒಪ್ಪಿಕೊಂಡ, 300 ರೂಪಾಯಿ ಕಟ್ಟಿದ, ಬಂದ. ರಸೀದಿ ಎಲ್ಲಿ ಹೋಯಿತೋ ಅವನಿಗೇ ಗೊತ್ತಿಲ್ಲ.

ಒಂಬತ್ತು ವರ್ಷ ಆದ ಮೇಲೆ ಕುವೈತ್‌ನಲ್ಲಿ ಕೆಲಸ ಗೊತ್ತಾಯಿತು. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿದ. ಮೂರನೇ ದಿನ ಠಾಣೆಯಿಂದ ಫೋನು: "ನಿಮ್ಮ ಮೇಲೆ ಒಂದು ಕೇಸ್ ಇದೆಯಲ್ಲಪ್ಪಾ?"

ಇಂಥ ಫೋನು ಬಂದವರಿಗಾಗಿ, ಬರಬಹುದು ಅಂತ ಒಳಗೊಳಗೇ ಹೆದರುತ್ತಿರುವವರಿಗಾಗಿ ಈ ಲೇಖನ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಂತಿಷ್ಟು ವರ್ಷ ಒಳ್ಳೆಯವನಾಗಿದ್ದರೆ ಹಳೇ ಶಿಕ್ಷೆಯ ದಾಖಲೆ ತಾನಾಗೇ ಅಳಿಸಿಹೋಗುವ ಕಾನೂನು ನಮ್ಮ ದೇಶದಲ್ಲಿಲ್ಲ. ಬ್ರಿಟನ್‌ನಲ್ಲಿ 1974ರಿಂದಲೇ ಅಂಥದ್ದಿದೆ. ಶಿಕ್ಷೆಗೆ ತಕ್ಕಷ್ಟು ವರ್ಷ ಕಳೆದರೆ, ಸಾಮಾನ್ಯ ಕೆಲಸಗಳಿಗೆ ಅದನ್ನು ಹೇಳಿಕೊಳ್ಳಬೇಕಾಗಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ 2018ರಲ್ಲಿ ಮಾಡಿದ ಕಾನೂನಿನಲ್ಲಂತೂ ಅರ್ಜಿಯೂ ಬೇಡ, ಸಣ್ಣಪುಟ್ಟ ಹಳೇ ಕೇಸುಗಳನ್ನು ಕಂಪ್ಯೂಟರೇ ಹುಡುಕಿ ಮುಚ್ಚಿಡುತ್ತದೆ. ನಮ್ಮಲ್ಲಿ ಗಾಳಿ ಉಲ್ಟಾ ಬೀಸುತ್ತಿದೆ. 2022ರಲ್ಲಿ ಬಂದ ಅಪರಾಧ ಪ್ರಕ್ರಿಯೆ ಗುರುತಿಸುವಿಕೆ ಕಾಯ್ದೆ ಪ್ರಕಾರ ಬೆರಳಚ್ಚು, ಫೋಟೋ ಮುಂತಾದವನ್ನು 75 ವರ್ಷ ಇಟ್ಟುಕೊಳ್ಳಬಹುದು. ಮನುಷ್ಯನ ಆಯಸ್ಸಿಗಿಂತ ಜಾಸ್ತಿ, ಅಲ್ವಾ?

ಆದರೆ ದೊಡ್ಡ ಬಾಗಿಲು ಇಲ್ಲ ಅಂದಮಾತ್ರಕ್ಕೆ ಕಿಂಡಿಗಳೂ ಇಲ್ಲ ಅಂತಲ್ಲ. ಯಾವ ಕಿಂಡಿ ಯಾರಿಗೆ ಅನ್ನುವುದು ನಿಮ್ಮ ಕೇಸು ಈಗ ಯಾವ ಸ್ಥಿತಿಯಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ನಾನು ಕಂಡಂತೆ ನೂರಕ್ಕೆ ನೂರು ಜನ ಎಡವುವುದು ಇಲ್ಲೇ. ಶಿಕ್ಷೆ ಆಗಿಯೇ ಇಲ್ಲದವರು ಆಗಿದೆ ಅಂದುಕೊಂಡು ಕೊರಗುತ್ತಿರುತ್ತಾರೆ. ನಿಜಕ್ಕೂ ಆಗಿರುವವರು "ಫೈನ್ ಕಟ್ಟಿದ್ದೆ, ಮುಗೀತಲ್ಲ" ಅಂತ ನಿಶ್ಚಿಂತೆಯಿಂದ ಇರುತ್ತಾರೆ.

ಮೊದಲ ಹೆಜ್ಜೆ: ಕಾಗದ ಕೈಗೆ ತೆಗೆದುಕೊಳ್ಳಿ

ವಕೀಲರ ಹತ್ತಿರ ಹೋಗುವ ಮುಂಚೆಯೇ ಇದನ್ನು ಮಾಡಬಹುದು. ಇ-ಕೋರ್ಟ್ಸ್ ಜಾಲತಾಣಕ್ಕೆ ಹೋಗಿ, ಜಿಲ್ಲೆ ಮತ್ತು ಕೋರ್ಟ್ ಆರಿಸಿ, ನಿಮ್ಮ ಹೆಸರಿನಿಂದ ಹುಡುಕಿ. ಠಾಣೆಯ ಹೆಸರು, ಎಫ್‌ಐಆರ್ ನಂಬರು, ವರ್ಷ ಗೊತ್ತಿದ್ದರೆ ಅದರಿಂದಲೂ ಹುಡುಕಬಹುದು. ಹೆಸರನ್ನು ಎರಡು ಮೂರು ರೀತಿ ಬರೆದು ನೋಡಿ. ನಮ್ಮ ಕಡೆ 'ಮಂಜುನಾಥ' ಅನ್ನುವ ಒಂದೇ ಹೆಸರನ್ನು ಠಾಣೆಯ ರೈಟರ್ ಒಂದು ಥರ, ಕೋರ್ಟ್ ಗುಮಾಸ್ತರು ಇನ್ನೊಂದು ಥರ ಬರೆದಿರುತ್ತಾರೆ. 'ಬಕೆಟ್ ಮಂಜ' ಅಂತ ಅಡ್ಡಹೆಸರನ್ನೂ ಸೇರಿಸಿರಬಹುದು.

ಬಹಳ ಹಳೇ ಕೇಸುಗಳು ಕಂಪ್ಯೂಟರ್‌ನಲ್ಲಿ ಸಿಗದೇ ಇರಬಹುದು. ಆಗ ಕೋರ್ಟಿಗೇ ಹೋಗಿ. ಸಿ.ಸಿ. ನಂಬರು (ಕೋರ್ಟ್ ನಿಮ್ಮ ಕೇಸಿಗೆ ಕೊಟ್ಟ ಸಂಖ್ಯೆ) ಹಾಕಿ ಕಾಪಿ ಅರ್ಜಿ ಕೊಟ್ಟರೆ ಅಂತಿಮ ಆದೇಶದ ಸರ್ಟಿಫೈಡ್ ಕಾಪಿ ಸಿಗುತ್ತದೆ. ಎರಡು ಪ್ರತಿ ತೆಗೆದುಕೊಳ್ಳಿ. ಅದನ್ನು ಓದಿದಾಗ ಈ ಕೆಳಗಿನವುಗಳಲ್ಲಿ ಯಾವುದಾದರೂ ಒಂದು ಸಿಗುತ್ತದೆ.

ಬಿ ರಿಪೋರ್ಟ್ ಆಗಿದ್ದರೆ ಪೊಲೀಸರೇ ಸಾಕ್ಷ್ಯ ಇಲ್ಲ ಅಂತ ಕೈಬಿಟ್ಟಿದ್ದಾರೆ, ಶಿಕ್ಷೆಯ ಪ್ರಶ್ನೆಯೇ ಇಲ್ಲ. ಖುಲಾಸೆ ಆಗಿದ್ದರೂ ಅಷ್ಟೇ. ರಾಜಿ ಆಗಿದ್ದರೆ, ಕಾನೂನಿನ ಕಣ್ಣಲ್ಲಿ ಅದೂ ಖುಲಾಸೆಯೇ. ಆದರೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದರೆ, 100 ರೂಪಾಯಿಯೇ ಆಗಿರಲಿ, ಅದು ಶಿಕ್ಷೆ. ನಮ್ಮ ನೆಂಟರ ಹುಡುಗ ಸಿಕ್ಕಿಬಿದ್ದಿದ್ದು ಇಲ್ಲೇ. ಟ್ರಾಫಿಕ್ ಪೊಲೀಸರು ರಸ್ತೆಯಲ್ಲೇ ಹಾಕುವ ಸ್ಪಾಟ್ ಫೈನ್ ಬೇರೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕುಡಿದು ಗಾಡಿ ಓಡಿಸಿ ಕೋರ್ಟಿನಲ್ಲಿ ದಂಡ ಕಟ್ಟಿದ್ದರೆ ಅದು ಮಾತ್ರ ಶಿಕ್ಷೆಯ ಲೆಕ್ಕಕ್ಕೇ ಬರುತ್ತದೆ.

ಇನ್ನೊಂದು ಜಾತಿಯ ಕೇಸಿದೆ, ಅದು ಎಲ್ಲಕ್ಕಿಂತ ಅಪಾಯ. ಮುಗಿದಿದೆ ಅಂದುಕೊಂಡಿದ್ದು ಮುಗಿದೇ ಇರುವುದಿಲ್ಲ. ಮನೆ ಬದಲಾಯಿಸಿರುತ್ತೀರಿ, ಸಮನ್ಸ್ ಹಳೇ ವಿಳಾಸಕ್ಕೆ ಹೋಗಿರುತ್ತದೆ, ಕೊನೆಗೆ ಜಾಮೀನುರಹಿತ ವಾರಂಟ್ ಹೊರಟು, 'ಆರೋಪಿ ಪತ್ತೆ ಇಲ್ಲ' ಅಂತ ಕೇಸನ್ನು ಲಾಂಗ್ ಪೆಂಡಿಂಗ್ ಪಟ್ಟಿಗೆ ಸೇರಿಸಿರುತ್ತಾರೆ. ಹೀಗಿದ್ದರೆ ಠಾಣೆಗೆ ಸುಮ್ನೆ ವಿಚಾರಿಸಲು ಹೋಗಬೇಡಿ. ವಕೀಲರ ಜೊತೆ ನೇರ ಕೋರ್ಟಿಗೆ ಹೋಗಿ ವಾರಂಟ್ ರೀಕಾಲ್, ಅಂದರೆ ವಾಪಸ್, ಮಾಡಿಸಿಕೊಳ್ಳಿ, ಮಿಕ್ಕಿದ್ದು ಆಮೇಲೆ.

ನಮ್ಮ ಹುಡುಗನ ಕತೆಯಲ್ಲೂ ಒಂದು ತಮಾಷೆ ಇತ್ತು. ಕೋರ್ಟಿನಲ್ಲಿ ಕೇಸು ಮುಗಿದು ಒಂಬತ್ತು ವರ್ಷ ಆಗಿದ್ದರೂ ಠಾಣೆಯ ದಾಖಲೆಯಲ್ಲಿ ಅದು 'ವಿಚಾರಣೆಯಲ್ಲಿದೆ' ಅಂತಲೇ ಕೂತಿತ್ತು. ತೀರ್ಪು ಬಂದಾಗ ಯಾರೂ ನಮೂದು ಮಾಡಿರಲಿಲ್ಲ. ಸರ್ಟಿಫೈಡ್ ಕಾಪಿ ಇಟ್ಟು ಲಿಖಿತ ಮನವಿ ಕೊಟ್ಟು, ಸ್ವೀಕೃತಿ ಪಡೆದು, ಹಿಂದೆ ಬಿದ್ದು ಸರಿ ಮಾಡಿಸಿಕೊಂಡ. ಅಳಿಸಿಹಾಕಬೇಕು ಅಂತ ಬರುವ ಎಷ್ಟೋ ಕೇಸುಗಳಿಗೆ ಬೇಕಾಗಿರುವುದು ಈ ತಿದ್ದುಪಡಿ ಅಷ್ಟೇ.

ಆಗ ನಿಮಗೆ ಎಷ್ಟು ವಯಸ್ಸು?

ಇದನ್ನು ಕೇಳಿಕೊಳ್ಳದೆ ಮುಂದೆ ಹೋಗಬೇಡಿ. ಘಟನೆ ನಡೆದ ದಿನ ನಿಮಗೆ 18 ತುಂಬಿರಲಿಲ್ಲ ಅಂದರೆ, ಭಾರತದಲ್ಲಿ ದಾಖಲೆ ನಿಜಕ್ಕೂ ಅಳಿಸಿಹೋಗುವ ಕಾನೂನು ಇರುವುದು ನಿಮಗೇ.

2015ರ ಬಾಲ ನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಎರಡು ಮಾತು ಹೇಳುತ್ತದೆ. ಒಂದು, ಮಗುವಾಗಿದ್ದಾಗ ಮಾಡಿದ ಅಪರಾಧದಿಂದ ಮುಂದೆ ಯಾವ ಅನರ್ಹತೆಯೂ ಅಂಟಬಾರದು. ಎರಡು, ಮೇಲ್ಮನವಿ ಅವಧಿ ಮುಗಿದ ಮೇಲೆ ದಾಖಲೆ ನಾಶ ಮಾಡಬೇಕು. ಹೆಚ್ಚೆಂದರೆ 7 ವರ್ಷ ಇಟ್ಟುಕೊಳ್ಳಬಹುದು ಅಂತ 2016ರ ಮಾದರಿ ನಿಯಮಗಳಲ್ಲಿದೆ. ಇದಕ್ಕೆ ಹೊರತಾದದ್ದು ಒಂದೇ. 16 ದಾಟಿದ ಹುಡುಗ ಘೋರ ಅಪರಾಧ ಮಾಡಿ, ಮಕ್ಕಳ ನ್ಯಾಯಾಲಯ ಅವನನ್ನು ದೊಡ್ಡವರಂತೆಯೇ ವಿಚಾರಣೆ ಮಾಡಿ ತಪ್ಪಿತಸ್ಥ ಅಂದಿದ್ದರೆ ಈ ರಕ್ಷಣೆ ಇಲ್ಲ. 74ನೇ ಸೆಕ್ಷನ್ ಪ್ರಕಾರ, ಮುಗಿದ ಇಂಥ ಕೇಸಿನ ವಿಷಯವನ್ನು ಪೊಲೀಸರು ನಡತೆ ಪ್ರಮಾಣಪತ್ರದಲ್ಲಿ ಹೇಳುವ ಹಾಗೂ ಇಲ್ಲ.

ಸರಿ, ಆದರೆ ಆಗ ಯಾರೂ 18ರೊಳಗಿನವರ ಕೇಸು ನೋಡುವ ಬಾಲ ನ್ಯಾಯ ಮಂಡಳಿಗೆ ಕಳಿಸಲೇ ಇಲ್ಲ ಅಂದರೆ? ಹಳ್ಳಿ ಕಡೆ ಇದು ಮಾಮೂಲು. ಗಣಪತಿ ಬಿಡುವಾಗ ಗಲಾಟೆ ಆಗುತ್ತದೆ. ಎಫ್‌ಐಆರ್‌ನಲ್ಲಿ 'ವಯಸ್ಸು ಸುಮಾರು 19' ಅಂತ ಅಂದಾಜಿಗೆ ಬರೆಯುತ್ತಾರೆ. ಹುಡುಗನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ನೋಡಿದರೆ ಹದಿನೇಳೂವರೆ. ಅವನು ದೊಡ್ಡವರ ಜೊತೆಗೇ ಮ್ಯಾಜಿಸ್ಟ್ರೇಟ್ ಮುಂದೆ ನಿಂತು ದಂಡ ಕಟ್ಟಿ ಬಂದಿರುತ್ತಾನೆ. ಇಂಥವನು ಇವತ್ತಿಗೂ ಹೋಗಿ ಹೇಳಬಹುದು. 9ನೇ ಸೆಕ್ಷನ್ ಪ್ರಕಾರ 'ನಾನು ಆಗ ಮಗು' ಅನ್ನುವ ವಾದವನ್ನು ಯಾವ ಕೋರ್ಟಿನಲ್ಲಾದರೂ, ಯಾವ ಹಂತದಲ್ಲಾದರೂ, ಕೇಸು ಪೂರ್ತಿ ಮುಗಿದ ಮೇಲೂ ಎತ್ತಬಹುದು. ಅವನೀಗ ಮೂರು ಮಕ್ಕಳ ತಂದೆ ಆಗಿದ್ದರೂ ಅಡ್ಡಿಯಿಲ್ಲ. ವಾದ ನಿಂತರೆ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ, ಹಳೇ ಕೋರ್ಟ್ ಕೊಟ್ಟ ಶಿಕ್ಷೆ ಇಲ್ಲವೆಂದೇ ಲೆಕ್ಕ.

ಸಾಕ್ಷಿಗೆ ಬೇಕಾಗುವುದು ಶಾಲೆಯ ಜನ್ಮದಿನಾಂಕದ ದಾಖಲೆ ಅಥವಾ ಮಾರ್ಕ್ಸ್ ಕಾರ್ಡ್. ಅದು ಇಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲ ಅಂದರೆ ಮಾತ್ರ ಮೂಳೆ ಪರೀಕ್ಷೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಹಾಕಿಬಿಟ್ಟಿದ್ದರೆ, ಕೋರ್ಟಿಗೂ ಅದೇ ಹುಟ್ಟಿದ ದಿನ. ಕೆಲವರಿಗೆ ಇದರಿಂದ ಲಾಭ, ಕೆಲವರಿಗೆ ನಷ್ಟ.

ಶಿಕ್ಷೆ ಆಗಿಲ್ಲ, ಆದರೂ ಹೆಸರು ಅಂಟಿಕೊಂಡಿದೆ

ಖುಲಾಸೆಯೋ ಬಿ ರಿಪೋರ್ಟೋ ಆಗಿದ್ದರೆ ಮೂರು ಕಡೆ ಕೆಲಸ ಇದೆ. ಠಾಣೆಯ ದಾಖಲೆ ಸರಿಯಾಗಿದೆಯಾ ನೋಡುವುದು ಒಂದು, ಅದನ್ನು ಆಗಲೇ ಹೇಳಿದೆ. ಎರಡನೆಯದು ಬೆರಳಚ್ಚು. ಅದೇ 2022ರ ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ ಹೀಗಿದೆ: ಹಿಂದೆ ಶಿಕ್ಷೆ ಆಗಿರದ ವ್ಯಕ್ತಿ ವಿಚಾರಣೆ ಇಲ್ಲದೆ ಬಿಡುಗಡೆ ಆದರೆ ಅಥವಾ ಖುಲಾಸೆ ಆಗಿ ಮೇಲ್ಮನವಿಗಳೆಲ್ಲ ಮುಗಿದರೆ, ಅವನ ಅಳತೆಗಳ (ಬೆರಳಚ್ಚು, ಫೋಟೋ ಮುಂತಾದವುಗಳ) ದಾಖಲೆ ನಾಶ ಮಾಡಬೇಕು. ಕೋರ್ಟೇ ಬೇರೆ ಕಾರಣ ಕೊಟ್ಟು ಇಡಿ ಅಂದಿದ್ದರೆ ಮಾತ್ರ ಇಡಬಹುದು. ಕೇಳದಿದ್ದರೆ ಯಾರೂ ಮಾಡುವುದಿಲ್ಲ, ಕೇಳಿ.

ಮೂರನೆಯದು ಇಂಟರ್‌ನೆಟ್. ಹೆಣ್ಣು ನೋಡಲು ಬರುವ ಮನೆಯವರೂ ಈಗ ಗೂಗಲ್‌ನಲ್ಲಿ ಹೆಸರು ಹಾಕಿ ನೋಡಿಯೇ ಬರುವುದು. ತೀರ್ಪುಗಳನ್ನು ಹಾಕುವ ಜಾಲತಾಣದಲ್ಲಿ ನಿಮ್ಮ ಹೆಸರು ಮೊದಲ ಸಾಲಲ್ಲೇ ಸಿಕ್ಕರೆ, ಖುಲಾಸೆ ಆಗಿದೆ ಅಂತ ಕೊನೇ ಪುಟದವರೆಗೆ ಓದುವವರು ಯಾರು? ಇದಕ್ಕೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಮಹಿಳೆಯ ಹೆಸರು ಇಂಟರ್‌ನೆಟ್ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಿ ಅಂತ ತನ್ನ ರಿಜಿಸ್ಟ್ರಿಗೇ ಹೇಳಿತ್ತು. 2021ರಲ್ಲಿ ದೆಹಲಿ ಹೈಕೋರ್ಟ್, ಮಾದಕವಸ್ತು ಕೇಸಿನಲ್ಲಿ ಖುಲಾಸೆ ಆಗಿದ್ದ ಭಾರತ ಮೂಲದ ಅಮೆರಿಕನ್ ಪ್ರಜೆಯೊಬ್ಬರ ತೀರ್ಪು ಸರ್ಚ್ ಎಂಜಿನ್‌ಗಳಲ್ಲಿ ಸಿಗದಂತೆ ತಡೆಯಲು ಆದೇಶ ಕೊಟ್ಟಿತು. ಹಾಗಂತ ಎಲ್ಲರಿಗೂ ಸಿಕ್ಕೇ ಸಿಗುತ್ತದೆ ಅಂತಲ್ಲ. ಮದ್ರಾಸ್ ಹೈಕೋರ್ಟ್ 2024ರಲ್ಲಿ ಕೊಟ್ಟ ಇಂಥದ್ದೇ ಆದೇಶಕ್ಕೆ ಸುಪ್ರೀಂ ಕೋರ್ಟ್ ತಡೆ ಹಾಕಿತು. ಕೇಳಲು ದಾರಿ ಇದೆ, ಕೊಡುವುದು ಕೋರ್ಟಿಗೆ ಬಿಟ್ಟಿದ್ದು.

ರೌಡಿ ಶೀಟ್ ಇದ್ದರೆ ಅದು ಬೇರೆಯದೇ ವಿಷಯ. ಅದು ಕೋರ್ಟ್ ಕೊಟ್ಟ ಶಿಕ್ಷೆಯಲ್ಲ, ಪೊಲೀಸರು ನಿಗಾ ಇಡಲು ತೆರೆಯುವ ಕಡತ. ಮುಚ್ಚಿಸಲು ಎಸ್‌ಪಿಗೆ, ಬೆಂಗಳೂರಿನಂಥ ಕಮಿಷನರೇಟ್‌ನಲ್ಲಾದರೆ ಡಿಸಿಪಿಗೆ ಮನವಿ ಕೊಡಬೇಕು. ಖುಲಾಸೆ ಆದೇಶಗಳನ್ನೂ, ಇಷ್ಟು ವರ್ಷ ಹೊಸ ಕೇಸಿಲ್ಲ ಅನ್ನುವುದನ್ನೂ ಜೊತೆಗಿಡಿ. ಒಪ್ಪದಿದ್ದರೆ ಹೈಕೋರ್ಟ್.

ಕೇಸು ಇನ್ನೂ ನಡೆಯುತ್ತಿದ್ದರೆ

ಇಲ್ಲಿ ಇರುವಷ್ಟು ದಾರಿ ಶಿಕ್ಷೆ ಆದ ಮೇಲೆ ಇರುವುದಿಲ್ಲ. ಅದಕ್ಕೇ ದಂಡ ಕಟ್ಟಿ ಮುಗಿಸುವ ಆತುರ ಬೇಡ ಅನ್ನುವುದು.

ಸಣ್ಣ ಹೊಡೆದಾಟ, ಬೈಗುಳದಂಥ ಕೇಸಾದರೆ ದೂರುದಾರರ ಜೊತೆ ರಾಜಿ ಆಗಬಹುದೇ ನೋಡಿ. ಯಾವ್ಯಾವ ಅಪರಾಧಕ್ಕೆ ರಾಜಿ ಸಾಧ್ಯ ಅನ್ನುವ ಪಟ್ಟಿ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 320ನೇ ಸೆಕ್ಷನ್‌ನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 359ನೇ ಸೆಕ್ಷನ್. ಲೋಕ ಅದಾಲತ್ ದಿನ ಇದು ಬೇಗ ಆಗುತ್ತದೆ. ಪಟ್ಟಿಯಲ್ಲಿ ಇಲ್ಲದ ಅಪರಾಧವಾದರೂ, ಜಗಳ ಖಾಸಗಿಯದ್ದಾಗಿದ್ದು ಇಬ್ಬರೂ ಒಪ್ಪಿದ್ದರೆ ಹೈಕೋರ್ಟ್ ಕೇಸನ್ನೇ ರದ್ದು ಮಾಡಬಹುದು. ವಕೀಲರು ಇನ್ನೂ 'ಫೋರ್ ಏಯ್ಟಿಟೂ ಹಾಕೋಣ' ಅನ್ನುತ್ತಾರೆ, ಅಂದರೆ ಹಳೇ ಸಂಹಿತೆಯ 482ನೇ ಸೆಕ್ಷನ್. ಹೊಸ ಸಂಹಿತೆಯಲ್ಲಿ ಅದು 528.

ವಕೀಲರಿಗೆ ಎರಡು ಪ್ರಶ್ನೆ ಮರೆಯದೆ ಕೇಳಿ. ಕೇಸು ಹೂಡಿದ್ದು ಗಡುವಿನೊಳಗೇ? ಬರೀ ದಂಡದ ಅಪರಾಧಕ್ಕೆ 6 ತಿಂಗಳು, ಒಂದು ವರ್ಷದವರೆಗಿನ ಶಿಕ್ಷೆಯದ್ದಕ್ಕೆ 1 ವರ್ಷ, ಮೂರು ವರ್ಷದವರೆಗಿನದ್ದಕ್ಕೆ 3 ವರ್ಷ. ಕೋರ್ಟ್ ವಿಳಂಬ ಮನ್ನಿಸಬಹುದು, ಆದರೆ ಪ್ರಶ್ನೆ ಎತ್ತದಿದ್ದರೆ ಕೇಸು ಬೀಳುವುದೇ ಇಲ್ಲ. ಎರಡನೆಯದು, ಪೊಲೀಸರು ನೇರ ತನಿಖೆ ಮಾಡುವಂತಿಲ್ಲದ ಅಪರಾಧವಾಗಿದ್ದರೆ ಮ್ಯಾಜಿಸ್ಟ್ರೇಟ್ ಅನುಮತಿ ತೆಗೆದುಕೊಂಡಿದ್ದರೇ? ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಸೆಕ್ಷನ್‌ನ ಇಸ್ಪೀಟು ಕೇಸುಗಳಲ್ಲಿ, ಅಂದರೆ 2021ರ ತಿದ್ದುಪಡಿಗೆ ಮುಂಚಿನವುಗಳಲ್ಲಿ, ಈ ಅನುಮತಿ ಸರಿಯಾಗಿ ಪಡೆದಿಲ್ಲ ಅನ್ನುವ ಒಂದೇ ಕಾರಣಕ್ಕೆ ನಮ್ಮ ಹೈಕೋರ್ಟ್ ಎಷ್ಟೋ ಕೇಸು ರದ್ದು ಮಾಡಿದೆ. ನಮ್ಮ ಹುಡುಗ ಅವತ್ತು 300 ರೂಪಾಯಿ ಕಟ್ಟುವ ಮುಂಚೆ ಒಬ್ಬ ವಕೀಲರಿಗೆ ಎಫ್‌ಐಆರ್ ತೋರಿಸಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಶಿಕ್ಷೆ ಆಗಿಹೋಗಿದ್ದರೆ

ಮ್ಯಾಜಿಸ್ಟ್ರೇಟ್ ತೀರ್ಪಿನ ಮೇಲೆ ಸೆಷನ್ಸ್ ಕೋರ್ಟಿಗೆ 30 ದಿನದಲ್ಲಿ ಮೇಲ್ಮನವಿ ಹಾಕಬೇಕು. ವರ್ಷಗಳೇ ಕಳೆದಿದ್ದರೆ ವಿಳಂಬ ಮನ್ನಿಸಿ ಅಂತ ಇನ್ನೊಂದು ಅರ್ಜಿ, ಜೊತೆಗೆ ತಡವಾದ್ದಕ್ಕೆ ನಿಜವಾದ ಕಾರಣ. 'ಗೊತ್ತಿರಲಿಲ್ಲ' ಅಂದರೆ ಸಾಲದು. ತಪ್ಪೊಪ್ಪಿಕೊಂಡಿದ್ದವರಿಗೆ ದಾರಿ ಇನ್ನೂ ಕಿರಿದು. ಅವರು ಶಿಕ್ಷೆಯ ಪ್ರಮಾಣವನ್ನೋ ಅದರ ಕಾನೂನುಬದ್ಧತೆಯನ್ನೋ ಪ್ರಶ್ನಿಸಬಹುದೇ ಹೊರತು, ತಪ್ಪೇ ಮಾಡಿಲ್ಲ ಅಂತ ಮೇಲ್ಮನವಿ ಹೋಗಲು ಆಗುವುದಿಲ್ಲ. ಮೊದಲ ದರ್ಜೆ ಮ್ಯಾಜಿಸ್ಟ್ರೇಟ್ ಹಾಕಿದ್ದು ಬರೀ 100 ರೂಪಾಯಿ ಮೀರದ ದಂಡವಾದರೆ ಮೇಲ್ಮನವಿಯೇ ಇಲ್ಲ, ರಿವಿಷನ್ (ಆದೇಶ ಕಾನೂನಿನ ಪ್ರಕಾರ ಇದೆಯಾ ನೋಡಿ ಅಂತ ಮೇಲಿನ ಕೋರ್ಟಿಗೆ ಹಾಕುವ ಅರ್ಜಿ) ಮಾತ್ರ.

ಮೇಲ್ಮನವಿ ದಾಖಲಾಯಿತು ಅಂದುಕೊಳ್ಳಿ. ಆಗ ಬಹಳ ಜನ ಮರೆಯುವ ಒಂದು ಬೇಡಿಕೆ ಇದೆ: 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಎಲ್ಲರೂ ಪ್ರೊಬೇಷನ್ ಅಂತಲೇ ಅನ್ನುತ್ತಾರೆ. ಮೊದಲ ಸಲ ಸಣ್ಣ ತಪ್ಪು ಮಾಡಿದವನಿಗೆ ಶಿಕ್ಷೆ ಕೊಡುವ ಬದಲು ಎಚ್ಚರಿಕೆ ಕೊಟ್ಟೋ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಡಬಹುದು. ಮರಣದಂಡನೆ ಅಥವಾ ಜೀವಾವಧಿಯ ಅಪರಾಧ ಆಗಿರಬಾರದು ಅಷ್ಟೇ. 21ರ ಒಳಗಿನವರಾದರೆ ಜೈಲಿಗೆ ಕಳಿಸುವ ಮುಂಚೆ ಕೋರ್ಟ್ ಕಾರಣ ಬರೆಯಲೇಬೇಕು. 11ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಕೋರ್ಟೂ ಹೈಕೋರ್ಟೂ ಈ ಆದೇಶ ಕೊಡಬಹುದು. ಸಿಕ್ಕರೆ 12ನೇ ಸೆಕ್ಷನ್ ಕೈಹಿಡಿಯುತ್ತದೆ. ಶಿಕ್ಷೆಯಿಂದ ಬರುವ ಅನರ್ಹತೆ ನಿಮಗೆ ಅಂಟುವುದಿಲ್ಲ.

ಇದನ್ನು 'ಕೇಸೇ ಅಳಿಸಿಹೋಯಿತು' ಅಂತ ಯಾರಾದರೂ ವಿವರಿಸಿದರೆ ನಂಬಬೇಡಿ. ತಪ್ಪಿತಸ್ಥ ಅನ್ನುವ ತೀರ್ಮಾನ ಉಳಿದೇ ಇರುತ್ತದೆ. ಸರ್ಕಾರಿ ನೌಕರರಾಗಿದ್ದರೆ ಆ ನಡತೆಗಾಗಿ ಇಲಾಖೆ ಕ್ರಮ ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದೆ.

ಊರಿನ ಹಳೇ ಜಗಳ, ಈಗ ಎರಡೂ ಮನೆಯವರು ಒಂದಾಗಿದ್ದಾರೆ ಅನ್ನುವಂಥ ಕೇಸಿದ್ದರೆ ಇನ್ನೊಂದು ಆಸೆ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಘೋರವಲ್ಲದ ಖಾಸಗಿ ಸ್ವರೂಪದ ಕೇಸಾದರೆ ಶಿಕ್ಷೆ ಆದ ಮೇಲೂ ರಾಜಿಯ ಆಧಾರದಲ್ಲಿ ರದ್ದು ಮಾಡಬಹುದು ಅಂತ ತೀರ್ಪು ಕೊಟ್ಟಿತು. ಒಟ್ಟಿಗೆ ತೀರ್ಮಾನವಾದ ಎರಡು ಪ್ರಕರಣಗಳಲ್ಲಿ ಒಂದು ಕರ್ನಾಟಕದ್ದೇ.

ಇದಕ್ಕೆಲ್ಲ ದುಡ್ಡೆಲ್ಲಿಂದ ಅನ್ನುವವರು ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. 'ಠಾಣೆಯಲ್ಲಿ ನಮ್ಮವರಿದ್ದಾರೆ, ಹತ್ತು ಸಾವಿರ ಕೊಡಿ, ಹೆಸರು ತೆಗೆಸಿಕೊಡ್ತೀನಿ' ಅನ್ನುವವರಿಂದ ದೂರ ಇರಿ. ಕೋರ್ಟಿನ ದಾಖಲೆಯನ್ನು ಠಾಣೆಯಲ್ಲಿ ಕೂತು ಯಾರೂ ತೆಗೆಯಲು ಆಗುವುದಿಲ್ಲ.

ಫಾರಂ ತುಂಬುವಾಗ

ಅಳಿಸಲು ಆಗದೇ ಉಳಿದ ಕೇಸಿನ ಜೊತೆ ಬದುಕುವುದನ್ನೂ ಕಲಿಯಬೇಕಾಗುತ್ತದೆ. ನಿಯಮ ಸರಳ: ಕೇಳಿದ್ದಕ್ಕೆ ನಿಜ ಹೇಳಿ, ಕೇಳದ್ದನ್ನು ಹೇಳಬೇಡಿ. 'ಶಿಕ್ಷೆ ಆಗಿದೆಯೇ' ಅಂತ ಮಾತ್ರ ಕೇಳಿದ್ದರೆ ಖುಲಾಸೆ ಆದವರು 'ಇಲ್ಲ' ಅನ್ನಬಹುದು. 'ಎಂದಾದರೂ ಬಂಧನ ಆಗಿದೆಯೇ, ಕೇಸು ದಾಖಲಾಗಿತ್ತೇ' ಅಂತ ಕೇಳಿದ್ದರೆ ಹೇಳಲೇಬೇಕು. ಸರ್ಕಾರಿ ನೌಕರಿಯಲ್ಲಿ ಮುಚ್ಚಿಟ್ಟವರ ವಿಷಯವಾಗಿ 2016ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ವಿವರವಾದ ತೀರ್ಪು ಕೊಟ್ಟಿದೆ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವಾದರೆ ಮುಚ್ಚಿಟ್ಟಿದ್ದನ್ನೂ ಕ್ಷಮಿಸಬಹುದು ಅಂದಿದೆ. ಆದರೆ ಅದು ಕೆಲಸ ಕೊಡುವವರ ವಿವೇಚನೆ, ನಿಮ್ಮ ಹಕ್ಕಲ್ಲ. ಪೊಲೀಸ್ ನೌಕರಿಗಂತೂ ಇನ್ನೂ ಬಿಗಿ. ರಾಜಿಯಾಗಿ ಖುಲಾಸೆ ಆದವರನ್ನೂ ಅವರು ಜಾಲಿಸಿ ನೋಡಬಹುದು.

ಪಾಸ್‌ಪೋರ್ಟ್ ವಿಷಯದಲ್ಲಿ ಜನರಿಗೆ ಇರಬೇಕಾದ್ದಕ್ಕಿಂತ ಭಯ ಜಾಸ್ತಿ. 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಹಳೇ ಶಿಕ್ಷೆ ಅಡ್ಡ ಬರುವುದು ಅದು ನೈತಿಕ ಅಧಃಪತನದ (ಮೋಸ, ಕಳ್ಳತನದಂಥ) ಅಪರಾಧವಾಗಿದ್ದು, ಎರಡು ವರ್ಷಕ್ಕೆ ಕಡಿಮೆಯಿಲ್ಲದ ಜೈಲಾಗಿದ್ದು, ಅರ್ಜಿ ಹಾಕುವ ಹಿಂದಿನ 5 ವರ್ಷದೊಳಗೆ ಆಗಿದ್ದರೆ ಮಾತ್ರ. ನಿಜವಾದ ತೊಡಕು ನಡೆಯುತ್ತಿರುವ ಕೇಸಿನದ್ದು. ಅದಕ್ಕೂ 1993ರ ಆಗಸ್ಟ್ 25ರ ಅಧಿಸೂಚನೆಯ ದಾರಿ ಇದೆ. ಕೇಸು ಇರುವ ಕೋರ್ಟಿನಿಂದ ವಿದೇಶಕ್ಕೆ ಹೋಗಲು ಅನುಮತಿ ತಂದರೆ ಪಾಸ್‌ಪೋರ್ಟ್ ಸಿಗುತ್ತದೆ. ಆದೇಶದಲ್ಲಿ ಅವಧಿ ಬರೆಸಿಕೊಳ್ಳಿ, ಬರೆದಿಲ್ಲದಿದ್ದರೆ ಒಂದೇ ವರ್ಷಕ್ಕೆ ಕೊಡುತ್ತಾರೆ.

ಅಮೆರಿಕದ ವೀಸಾ ಫಾರಂ ಮಾತ್ರ ಯಾವ ಕಿಂಡಿಯನ್ನೂ ಬಿಡುವುದಿಲ್ಲ. ಕ್ಷಮಾದಾನ ಸಿಕ್ಕಿದ್ದರೂ ಸರಿ, ಎಂದಾದರೂ ಬಂಧನ ಅಥವಾ ಶಿಕ್ಷೆ ಆಗಿತ್ತೇ ಅಂತಲೇ ಕೇಳುತ್ತದೆ. ಅಲ್ಲಿ ನೆಲೆಸಿರುವ ನಮ್ಮವರೂ ಗಮನಿಸಿ: ನೀವಿರುವ ರಾಜ್ಯದ ಕೋರ್ಟ್ ದಾಖಲೆ ಅಳಿಸಿದ್ದರೂ, ವಲಸೆ ಇಲಾಖೆ ಸಾಮಾನ್ಯವಾಗಿ ಆ ಶಿಕ್ಷೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗ್ರೀನ್ ಕಾರ್ಡ್ ಅರ್ಜಿಗೆ ಮುಂಚೆ ಅಲ್ಲಿನ ವಲಸೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ನಮ್ಮ ಹುಡುಗನಿಗೆ ಠಾಣೆಯ ದಾಖಲೆ ಸರಿಯಾದ ಮೇಲೆ ಸರ್ಟಿಫಿಕೇಟ್ ಬಂತು. ಅಷ್ಟರಲ್ಲಿ ಕುವೈತ್‌ನ ಆ ಕೆಲಸ ಬೇರೆಯವರ ಪಾಲಾಗಿತ್ತು, ಆರು ತಿಂಗಳಾದ ಮೇಲೆ ಇನ್ನೊಂದು ಸಿಕ್ಕಿತು. ಹೊರಡುವ ಹಿಂದಿನ ರಾತ್ರಿ ಅವನ ಅಮ್ಮ ಕೋರ್ಟಿನ ಸರ್ಟಿಫೈಡ್ ಕಾಪಿಯನ್ನು ಜೋಪಾನವಾಗಿರಲಿ ಅಂತ ಲ್ಯಾಮಿನೇಷನ್ ಮಾಡಿಸಿ ತಂದಿದ್ದರು. ನೀವು ಹಾಗೆ ಮಾಡಿಸಬೇಡಿ. ಮೊಹರು ಸಹಿ ಪರಿಶೀಲಿಸುವವರು ಲ್ಯಾಮಿನೇಷನ್ ಆದ ಪ್ರತಿಯನ್ನು ಒಪ್ಪದೇ ಇರಬಹುದು. ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಟ್ಟರೆ ಸಾಕು. ಇನ್ನೊಂದು ಪ್ರತಿ ಮನೆಯಲ್ಲಿರಲಿ.